ಮುಚ್ಚಿದ ಬಾಗಿಲಿಗೆ ನಕ್ಕ ಭಾನುವಾರ

ಸೀಡಿ ಬಾಡಿಗೆಗೆ ಕೊಡುವ ಅಂಗಡಿಗಳು ಇನ್ನೂ ಬಾಗಿಲು ಹಾಕಿರದ ಕಾಲ ಅದು. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗಿದರೆ ಗೆಜ್ಜಲಗೆರೆಯ ನಮ್ಮ ಬೀದಿಯ ಗಂಡಸರೆಲ್ಲ ಒಟ್ಟಿಗೆ ಎದ್ದು, ಒಟ್ಟಿಗೆ ಕೆಮ್ಮಿ, ಒಟ್ಟಿಗೆ ಬೀಡಿ ಹಚ್ಚುತ್ತಿದ್ದರು. ನನಗಾಗ ಒಂಬತ್ತು ವರ್ಷ. ನಮ್ಮಪ್ಪ ಸಿದ್ದೇಗೌಡ ತಗಡು ಒತ್ತುವ ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ ಮೇಲಿದ್ದ. ಸಂಜೆ ಬರುವಾಗ ಅವನ ಜೇಬಲ್ಲಿ ಮೆಷಿನ್ ಕತ್ತರಿಸಿ ಉದುರಿಸಿದ ದುಂಡನೆಯ ತಗಡಿನ ಬಿಲ್ಲೆಗಳಿರುತ್ತಿದ್ದವು. ನಮ್ಮ ಬೀದಿಯ ಹೆಣ್ಣುಮಕ್ಕಳೆಲ್ಲ ಕುಂಟಾಬಿಲ್ಲೆ ಆಡಿದ್ದು ಆ ಬಿಲ್ಲೆಗಳಲ್ಲೇ. ಅವುಗಳ ಎಣ್ಣೆ ವಾಸನೆ ಬೆರಳಿಗೆ ಅಂಟಿಕೊಂಡು, ಊಟಕ್ಕೆ ಕೂತರೆ ಹುರುಳಿಸಾರಿನ ಜೊತೆ ಬಾಯಿಗೂ ಬರುತ್ತಿತ್ತು.

ನಮ್ಮ ಕಡೆಯವರ ಮಾತು ನಿಮಗೆ ಗೊತ್ತೇ ಇದೆ. ಮಂಡ್ಯದವರು ಗುಟ್ಟು ಹೇಳಿದರೆ ಮದ್ದೂರಿಗೆ ಕೇಳಿಸುತ್ತದೆ ಅಂತ ನೆಂಟರು ಆಡಿಕೊಳ್ಳುವುದು ಸುಮ್ಮನೆ ಅಲ್ಲ. ಉಪ್ಪು ಕೇಳುವುದಕ್ಕೂ ಕೂಗು, ಉಂಡೆಯಾ ಅನ್ನುವುದಕ್ಕೂ ಕೂಗು. ಹಾಗಾಗಿಯೇ ನಾವೆಲ್ಲ ಒಂದು ದೊಡ್ಡ ತಪ್ಪು ಮಾಡಿದೆವು. ಅಪ್ಪನ ದನಿ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಯಿತು, ನಾವು ಇನ್ನಷ್ಟು ಏರಿಸಿ ಉತ್ತರ ಕೊಡುತ್ತಾ ಹೋದೆವು. ಬೇರೆ ಊರಾಗಿದ್ದರೆ ಈ ಮನುಷ್ಯನ ಕಿವಿಗೇನೋ ಆಗಿದೆ ಅಂತ ಯಾರಾದರೂ ಅನುಮಾನ ಪಡುತ್ತಿದ್ದರು. ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕರೆದಾಗ ತಿರುಗಿ ನೋಡದಿದ್ದರೆ, "ಸಿದ್ದಂಗೆ ಈಗೀಗ ದಿಮಾಕು ಜಾಸ್ತಿ ಆಯ್ತು ಕಣಮ್ಮ" ಅನ್ನುತ್ತಿದ್ದರು. ಅವ್ವನೂ ಹಾಗೇ ತಿಳಿದು ಎರಡೆರಡು ದಿನ ಮುನಿಸಿಕೊಂಡಿರುತ್ತಿದ್ದಳು.

ವಿಷಯ ಗೊತ್ತಿದ್ದದ್ದು ಒಬ್ಬನಿಗೆ. ಅವನು ಅಪ್ಪನ ಜೋಡಿ, ಜವರಪ್ಪ ಮಾಮ. ಇಬ್ಬರೂ ಒಂದೇ ಮೆಷಿನ್ನಿನವರು. ಮಾಮ ತಗಡನ್ನು ಅಚ್ಚಿನ ಮೇಲಿಟ್ಟು, ಕೈ ಈಚೆಗೆ ತೆಗೆದು, "ಹೂಂ" ಅಂತ ಕೂಗಬೇಕು. ಕೂಗು ಕೇಳಿದ ಮೇಲೆ ಅಪ್ಪ ಪೆಡಲ್ ಒತ್ತಬೇಕು. ಮುಂಚೆಯೇ ಒತ್ತಿದರೆ ಮಾಮನ ಬೆರಳು ಅಲ್ಲೇ ಉಳಿಯುತ್ತಿತ್ತು. ಅಪ್ಪನಿಗೆ "ಹೂಂ" ಕೇಳಿಸುವುದು ನಿಂತಾಗ, ಮಾಮ ಯಾರಿಗೂ ಕಾಣದ ಹಾಗೆ ಮೆಷಿನ್ನಿನ ಅಡಿಯಿಂದ ಅವನ ಕಾಲಿಗೆ ಕಾಲು ತಾಗಿಸಿ ಸನ್ನೆ ಮಾಡಲು ಶುರುಮಾಡಿದ. ಕೂಗುವುದನ್ನೂ ಬಿಡಲಿಲ್ಲ, ಸೂಪರ್‌ವೈಸರಿಗೆ ಕೇಳಿಸಬೇಕಲ್ಲ. ಅಪ್ಪ ಇನ್ನೂ ಕಾಯಂ ಆಗಿರಲಿಲ್ಲ. ಕಿವಿ ಕೇಳದವನು ಅಂತ ತಿಳಿದಿದ್ದರೆ ಆವತ್ತೇ ಗೇಟಿನಾಚೆ. ದಿನಕ್ಕೆ ಸಾವಿರ ಸಲ ಮಾಮ ತನ್ನ ಹತ್ತು ಬೆರಳನ್ನೂ ಅಪ್ಪನ ನಂಬಿಕೆಗೆ ಬಿಟ್ಟು ಕೆಲಸ ಮಾಡುತ್ತಿದ್ದ. ಇದೆಲ್ಲ ನನಗೆ ತಿಳಿದದ್ದು ಕೈಮೀರಿದ ಮೇಲೆ.

ಆ ವರ್ಷ ಹೊಸ ಮೆಷಿನ್ ಕೂರಿಸಲು ಫ್ರಾನ್ಸಿನಿಂದ ಒಬ್ಬ ಇಂಜಿನಿಯರ್ ಬಂದು ಮೂರು ತಿಂಗಳಿದ್ದ. ಜವರಪ್ಪ ಮಾಮ ಅವನಿಗೆ ಮುದ್ದೆ ನುಂಗುವುದನ್ನು ಕಲಿಸಿದ್ದ. "ಅಗೀಬ್ಯಾಡ ಕಣಪ್ಪ, ನುಂಗು" ಅಂತ ಇವನು ಕನ್ನಡದಲ್ಲಿ, ಅವನೇನೋ ತನ್ನ ಭಾಷೆಯಲ್ಲಿ. ಊರಿಗೆ ಹೊರಡುವ ಮುಂಚಿನ ಭಾನುವಾರ, ತನ್ನ ದೇಶದ ಹಳೆಯ ನಗೆಸಿನಿಮಾ ಒಂದನ್ನು ಕಾರ್ಮಿಕರಿಗೂ ಮನೆಯವರಿಗೂ ತೋರಿಸುತ್ತೇನೆ ಅಂದನಂತೆ. ಅವ್ವ ತಮ್ಮನನ್ನೆತ್ತಿಕೊಂಡು ಮಳವಳ್ಳಿಯ ತವರಿಗೆ ಹೋಗಿದ್ದಳು. ಅಪ್ಪ ನನಗೆ ಎಣ್ಣೆ ಹಚ್ಚಿ, ಓರೆಕೋರೆಯಾಗಿ ಎರಡು ಜಡೆ ಹಾಕಿ ಕರೆದುಕೊಂಡು ಹೋದ.

ಕ್ಯಾಂಟೀನಿನ ಕಿಟಕಿಗಳಿಗೆಲ್ಲ ಗೋಣಿತಾಟು ಕಟ್ಟಿ ಮಧ್ಯಾಹ್ನವನ್ನೇ ಕತ್ತಲು ಮಾಡಿದ್ದರು. ಗೋಡೆಗೆ ಬಿಳಿ ಪಂಚೆ. ಒಳಗೆಲ್ಲ ವಡೆ ಕರಿದ ಎಣ್ಣೆಯ ಘಾಟು, ಬೆವರು, ಮಲ್ಲಿಗೆ. ಮುಂದೆ ಕುರ್ಚಿಯಲ್ಲಿ ಸೂಪರ್‌ವೈಸರು ಮತ್ತು ಇಂಜಿನಿಯರ್, ಹಿಂದೆ ಜಮಖಾನದ ಮೇಲೆ ನಾವು. ನನ್ನ ಒಂದು ಪಕ್ಕ ಅಪ್ಪ, ಇನ್ನೊಂದು ಪಕ್ಕ ಜವರಪ್ಪ ಮಾಮ. "ಅರ್ಥ ಆಗ್ದಿರೋ ಪಿಚ್ಚರ್ ನೋಡಕ್ಕೆ ವಡೆ ಬೇರೆ ಕೊಡ್ತಾವ್ರೆ ಬುಡು" ಅಂತ ಮಾಮ ಗೊಣಗಿದ.

ಅರ್ಥವಾಗಲು ಮಾತೇ ಇರಲಿಲ್ಲ ಅದರಲ್ಲಿ. ಸಣ್ಣ ಕಾಲಿನ ದಪ್ಪ ಮನುಷ್ಯ ಒಬ್ಬ, ಬೀರುವೊಂದನ್ನು ಬೆನ್ನ ಮೇಲೆ ಹೊತ್ತು, ಊರಿನ ಆ ತುದಿಯಲ್ಲಿರುವ ಅಕ್ಕನ ಮನೆಗೆ ತಲುಪಿಸಬೇಕು. ಅಷ್ಟೇ ಕಥೆ. ಆಗೊಮ್ಮೆ ಈಗೊಮ್ಮೆ ಯಾರಾದರೂ ಗೊಣಗೊಣ ಅಂದರೆ ಅಂದರು, ಇಲ್ಲದಿದ್ದರೆ ಇಲ್ಲ. ಬೀರು ಇಳಿಸಿ ಅವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ, ಟಿಕೆಟ್ ಕೊಡುವ ಜಾಗ ಅಂದುಕೊಂಡು ಜನ ಅದರ ಮುಂದೆ ಸಾಲು ನಿಲ್ಲುತ್ತಾರೆ. ಇವನೂ ಮರ್ಯಾದೆಗೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾನೆ! ನಮ್ಮ ಸಿನಿಮಾಗಳ ಹಾಗೆ ಮುಖವನ್ನು ಹತ್ತಿರದಿಂದ ತೋರಿಸಿ ಈಗ ನಗಿ ಅಂತ ಹೇಳುವವರಿರಲಿಲ್ಲ. ದೂರದಿಂದ ಇಡೀ ಬೀದಿ ಕಾಣುತ್ತಿತ್ತು, ತಮಾಷೆ ಎಲ್ಲಿದೆ ಅಂತ ನಾವೇ ಹುಡುಕಿಕೊಳ್ಳಬೇಕಿತ್ತು.

ಹುಡುಕುವುದರಲ್ಲಿ ಅಪ್ಪನೇ ಮೊದಲು. "ಅಗೋ, ಆ ನಾಯಿ ಏನ್ ಎಳ್ಕಂಡೋಯ್ತಾ ಅದೆ ನೋಡ್ರುಲಾ!" ಅಂತ ಕೂಗುವವನು ಅವನೇ. ಅವನು ಬೆರಳು ತೋರಿಸಿದ ಮೇಲೆ ಉಳಿದವರು ನಗುತ್ತಿದ್ದರು. ವರ್ಷಗಟ್ಟಲೆ ಬರೀ ಕಣ್ಣಲ್ಲೇ ಬದುಕಿದವನಲ್ಲವೇ, ಅವನ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ. ಮನೆಯಲ್ಲಿ ಟೀವಿ ಮುಂದೆ ಐದು ನಿಮಿಷ ಕೂರದವನು ತೊಡೆ ತಟ್ಟಿ ತಟ್ಟಿ ನಗುತ್ತಿದ್ದ. ಕಣ್ಣಲ್ಲಿ ನೀರು ಬಂದಿತ್ತು. ನಮ್ಮಪ್ಪ ಇಷ್ಟೊಂದು ನಗುತ್ತಾನೆ ಅಂತ ನನಗೆ ಅಂದೇ ಗೊತ್ತಾದದ್ದು. ಎಷ್ಟು ಹೆಮ್ಮೆ ಆಗಿತ್ತು ಅಂದರೆ, ಅಕ್ಕಪಕ್ಕದ ಹುಡುಗಿಯರನ್ನೆಲ್ಲ ತಿರುಗಿ ತಿರುಗಿ ನೋಡುತ್ತಿದ್ದೆ.

ಕೊನೆಗೆ ದಪ್ಪ ಮನುಷ್ಯ ಅಕ್ಕನ ಮನೆ ತಲುಪಿ, ಬೀರುವಿನ ಸಮೇತ ಒಳಗೆ ಹೋದ. ಬಾಗಿಲು ಮುಚ್ಚಿತು. ಪಂಚೆಯ ಮೇಲೆ ಆ ಮುಚ್ಚಿದ ಬಾಗಿಲೊಂದೇ, ಇನ್ನೇನೂ ಇಲ್ಲ. ಒಳಗೆ ಒಂದು ತಟ್ಟೆ ಬಿದ್ದ ಸದ್ದು. ಆಮೇಲೆ ಒಂದು ಅಟ್ಟದ ಪಾತ್ರೆಯೆಲ್ಲ ಉರುಳಿದ ಹಾಗೆ. ಬೆಕ್ಕು ಅರಚಿತು. ಗಾಜು, ಏಣಿ, ನೀರು, ಮತ್ತೆ ಬೆಕ್ಕು. ಜನ ಹೊಟ್ಟೆ ಹಿಡಿದು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು.

ನಾನು ಅಪ್ಪನ ಮುಖ ನೋಡಿದೆ. ಅವನು ಹುಬ್ಬು ಗಂಟಿಕ್ಕಿ ಬಾಗಿಲನ್ನೇ ದಿಟ್ಟಿಸುತ್ತಿದ್ದ. ಎಲ್ಲಿ, ಏನು ಅಂತ ಬಾಗಿಲಿನ ಮೂಲೆಮೂಲೆಯಲ್ಲೂ ಹುಡುಕುತ್ತಿದ್ದ. ಆಮೇಲೆ ಮೆಲ್ಲಗೆ ಎಡಕ್ಕೆ ತಿರುಗಿ ಜನರನ್ನು ನೋಡಿದ, ಬಲಕ್ಕೆ ನೋಡಿದ. ಬಾಯಿ ತೆರೆದು, ತೊಡೆ ತಟ್ಟಿ ತಾನೂ ನಗಲು ಶುರುಮಾಡಿದ. ಅಷ್ಟರಲ್ಲಿ ಒಳಗಿನ ಗದ್ದಲ ನಿಂತಿತ್ತು. ಇನ್ನೇನೋ ಒಂದು ಬೀಳುತ್ತದೆ ಅಂತ ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಆ ಮೌನದಲ್ಲಿ ಅಪ್ಪ ಒಬ್ಬನೇ ಜೋರಾಗಿ ನಗುತ್ತಿದ್ದ.

ಜನ ತಿರುಗಿ ನೋಡಿದರು. ನನಗೆ ಥಟ್ಟನೆ ಗೊತ್ತಾಗಿಬಿಟ್ಟಿತು. ಒಗಟು ಬಿಡಿಸಿದಷ್ಟು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಎದ್ದು ನಿಂತು ಕೂಗಿದೆ: "ಅಯ್! ನಮ್ಮಪ್ಪಂಗೆ ಕಿವಿನೇ ಕೇಳ್ಸಾಕಿಲ್ಲ! ನೀವು ನಗೋದ್ನ ನೋಡ್ಕಂಡು ನಗ್ತಾವ್ನೆ!"

ಸಿನಿಮಾಕ್ಕಿಂತ ಹೆಚ್ಚು ನಗು ಎದ್ದದ್ದು ಆಗ. ಎಲ್ಲರೂ ತನ್ನ ಕಡೆ ನೋಡಿ ನಗುತ್ತಿರುವುದನ್ನು ಕಂಡು ಅಪ್ಪನೂ ಇನ್ನಷ್ಟು ನಕ್ಕ. ನಾನೇನು ಹೇಳಿದೆ ಅಂತ ಅವನಿಗೆ ಗೊತ್ತಿಲ್ಲ. ಮಗಳು ಏನೋ ತಮಾಷೆ ಮಾಡಿದಳು ಅಂದುಕೊಂಡು ನನ್ನ ಬೆನ್ನು ತಟ್ಟಿದ. ಜವರಪ್ಪ ಮಾಮ ನನ್ನನ್ನು ಎಳೆದು ಕೂರಿಸಿ, ಅಂಗೈಯಿಂದ ನನ್ನ ಬಾಯಿ ಮುಚ್ಚಿದ. ಮುಂದಿನ ಕುರ್ಚಿಯಲ್ಲಿ ಸೂಪರ್‌ವೈಸರು ಮಾತ್ರ ನಗದೆ, ಕತ್ತು ತಿರುಗಿಸಿ, ಅಪ್ಪನನ್ನೇ ನೋಡುತ್ತಿದ್ದರು.

ಮಂಗಳವಾರ ಅಪ್ಪನನ್ನು ಡಾಕ್ಟರ ಹತ್ತಿರ ಕಳಿಸಿದರು. ಶುಕ್ರವಾರ ಕೆಲಸದಿಂದ ತೆಗೆದರು. ಸೂಪರ್‌ವೈಸರದ್ದು ತಪ್ಪು ಅಂತ ನಾನು ಇವತ್ತು ಹೇಳಲಾರೆ, ಇನ್ನೊಬ್ಬನ ಬೆರಳಿನ ಪ್ರಶ್ನೆ ಅದು. ಆದರೆ ಅಪ್ಪ ಲೆಕ್ಕ ಹಾಕಿದ್ದೇ ಬೇರೆ. ಹೆಂಡತಿಗೂ ಹೇಳದ ವಿಷಯ ಗೊತ್ತಿದ್ದದ್ದು ಜವರನೊಬ್ಬನಿಗೆ. ಅಂದ ಮೇಲೆ ಹೇಳಿದವನು ಅವನೇ. ಕೂಗಿದ್ದು ನಾನು ಅಂತ ಕ್ಯಾಂಟೀನಿನಲ್ಲಿದ್ದವರಿಗೆಲ್ಲ ಗೊತ್ತಿತ್ತು, ಆದರೆ ಹೆತ್ತ ಮಗಳ ಹೆಸರು ಹೇಳಿ ಅಪ್ಪನನ್ನು ಇನ್ನಷ್ಟು ನೋಯಿಸಲು ಯಾರೂ ಮುಂದೆ ಬರಲಿಲ್ಲ.

ಅವತ್ತು ಸಂಜೆ ಅಪ್ಪ ಮಾಮನ ಮನೆ ಮುಂದೆ ನಿಂತು ಕೂಗಿದ್ದು ನಾಲ್ಕು ಬೀದಿಗೂ ಕೇಳಿಸಿತು. "ನಿನ್ ಬೆಳ್ಳು ಒಂದಿನಾನಾರ ಓಗಿತ್ತೇನ್ಲಾ ನನ್ ಕಾಲಲ್ಲಿ? ಒಂದೇ ತಟ್ಟೇಲಿ ಉಂಡು ಇಂಗ್ ಮಾಡುದ್ಯಲ್ಲೋ! ಇನ್ ನಿನ್ ಮಕ ನೋಡುದ್ರೆ ಕೇಳು!"

ಮಾಮ ಹೊಸ್ತಿಲ ಮೇಲೆ ತಲೆ ತಗ್ಗಿಸಿ ನಿಂತಿದ್ದ. ಅಪ್ಪನ ಹಿಂದೆ ನಾನಿದ್ದೆ. ಒಂದು ಸಲ ಕಣ್ಣೆತ್ತಿ ನನ್ನನ್ನು ನೋಡಿದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಅಂತ ನನ್ನ ಜೀವ ಬಾಯಿಗೆ ಬಂದಿತ್ತು. "ಆಗಿದ್ ಆಗೋಯ್ತು, ಬುಡ್ಲಾ ಸಿದ್ದ" ಅಂತಷ್ಟೇ ಅಂದು ಒಳಗೆ ಹೋದ. ನಾನೂ ಬಾಯಿ ಬಿಡಲಿಲ್ಲ. ಅಪ್ಪ ಹೊಡೆಯುತ್ತಾನೆ ಅನ್ನುವ ಭಯ ಅಲ್ಲ ಅದು, ಅವನು ನನಗೆ ಹೊಡೆದವನೇ ಅಲ್ಲ. ಇನ್ನು ಮೇಲೆ ನನ್ನನ್ನೂ ಮಾಮನನ್ನು ನೋಡಿದ ಹಾಗೇ ನೋಡುತ್ತಾನೆ ಅಂತ ಹೆದರಿದೆ.

ನಾವು ಗೆಜ್ಜಲಗೆರೆ ಬಿಟ್ಟು ಕೊಕ್ಕರೆ ಬೆಳ್ಳೂರಿನ ಕಡೆ ಇದ್ದ ಚೂರು ಜಮೀನಿಗೆ ಬಂದೆವು. ಮರದ ತುಂಬಾ ಗೂಡು ಕಟ್ಟಿದ ಕೊಕ್ಕರೆಗಳು ಕೊಕ್ಕು ಕುಟ್ಟುವುದನ್ನು ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದ. ಕೇಳಿಸುತ್ತಿರಲಿಲ್ಲ. ಮಾಮ ಎರಡು ಸಲ ಬೆಳ್ಳೂರಿಗೆ ಬಂದ. ಎರಡು ಸಲವೂ ಅಪ್ಪ ಎದ್ದು ಹೊಲಕ್ಕೆ ಹೋಗಿಬಿಟ್ಟ. ಎರಡನೆಯ ಸಲ ಮಾಮ ಹೊರಡುವಾಗ ನನ್ನ ತಲೆ ಸವರಿ, "ಓದವ್ವ ಚೆನ್ನಾಗಿ" ಅಂದ. ಆಗಲಾದರೂ ಓಡಿಹೋಗಿ ಅಪ್ಪನಿಗೆ ಹೇಳಬೇಕಿತ್ತು. ಹೇಳಲಿಲ್ಲ. ನಾನು ಪಿಯುಸಿ ಓದುವಾಗ ಮಾಮ ಎದೆನೋವು ಬಂದು ತೀರಿಕೊಂಡ ಸುದ್ದಿ ಬಂತು. ಅಪ್ಪ ಎತ್ತಿಗೆ ಹುಲ್ಲು ಹಾಕುತ್ತಿದ್ದವನು ಹಾಕುತ್ತಲೇ ಇದ್ದ. ಹೋಗಲಿಲ್ಲ.

ಈಗ ನಾನು ಮಳವಳ್ಳಿಯ ಶಾಲೆಯೊಂದರಲ್ಲಿ ಟೀಚರ್ ಕೆಲಸ ಮಾಡುತ್ತಿದ್ದೇನೆ. ಅಪ್ಪನೂ ಅವ್ವನೂ ನನ್ನ ಜೊತೆಗೇ ಇದ್ದಾರೆ. ಕಳೆದ ತಿಂಗಳು ಫೋನಿನಲ್ಲಿ ಏನೋ ನೋಡುತ್ತಿದ್ದಾಗ ಅದೇ ಸಿನಿಮಾ ಸಿಕ್ಕಿತು. ಅಪ್ಪನ ಕೈಗೆ ಕೊಟ್ಟೆ. ಅದಕ್ಕೆ ಸದ್ದಿನ ಹಂಗಿಲ್ಲವಲ್ಲ. ಬೀರುವಿನ ಮುಂದಿನ ಸಾಲು ನೋಡಿ ಮುದುಕ ಮತ್ತೆ ಹಾಗೇ ನಕ್ಕ, ಅದೇ ತೊಡೆ ತಟ್ಟುವ ನಗು. ಅಷ್ಟು ವರ್ಷ ಆ ನಗುವನ್ನು ನಾನು ಕಂಡಿರಲಿಲ್ಲ. ಮುಚ್ಚಿದ ಬಾಗಿಲು ಬಂದಾಗ ಫೋನನ್ನು ನನ್ನ ಕಡೆ ಹಿಡಿದು ಕೇಳಿದ: "ಇಲ್ಲಿ ಅವತ್ತು ಎಲ್ರೂ ಯಾಕವ್ವ ಅಂಗ್ ನಗಾಡುದ್ರು? ಇಲ್ಲೇನೂ ಇಲ್ವಲ್ಲ."

ಅಪ್ಪನಿಗೆ ಓದಲು ಬರುತ್ತದೆ. ನಾನು ಮಕ್ಕಳ ಹಳೆ ನೋಟ್‌ಬುಕ್ ತಗೊಂಡು ಬರೆದೆ. ಒಳಗೆ ತಟ್ಟೆ ಬಿತ್ತು, ಪಾತ್ರೆ ಬಿದ್ದವು, ಬೆಕ್ಕು ಅರಚಿತು ಅಂತ. ಅಲ್ಲಿಗೆ ಪೆನ್ನು ನಿಲ್ಲಿಸಬಹುದಿತ್ತು. ಕೈ ನಿಲ್ಲಲಿಲ್ಲ. ಆಮೇಲೆ ನಾನು ಎದ್ದು ನಿಂತು ಹೀಗೆ ಕೂಗಿದೆ, ಸೂಪರ್‌ವೈಸರು ಕೇಳಿಸಿಕೊಂಡರು, ಜವರಪ್ಪ ಮಾಮ ಯಾರಿಗೂ ಏನೂ ಹೇಳಲಿಲ್ಲ ಅಂತಲೂ ಬರೆದೆ.

ಅಪ್ಪ ಎರಡು ಸಲ ಓದಿದ. ಬಯ್ಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಅವ್ನ್ ಮಣ್ಣಿಗೂ ಓಗ್ನಿಲ್ವಲ್ಲವ್ವ ನಾನು" ಅಂದ.

ಮರುದಿನ ಬಸ್ಸು ಹತ್ತಿ ಇಬ್ಬರೂ ಗೆಜ್ಜಲಗೆರೆಗೆ ಹೋದೆವು. ಮಾಮನನ್ನು ಅವರ ಗದ್ದೆಯ ಅಂಚಿನಲ್ಲಿ ಮಣ್ಣು ಮಾಡಿದ್ದಾರೆ. ಗುರುತಿಗೆ ಒಂದು ಕಲ್ಲು, ಸುತ್ತ ಕಬ್ಬು. ಅಪ್ಪ ಚಪ್ಪಲಿ ಬಿಟ್ಟು ಹತ್ತಿರ ಹೋದ. ತನ್ನ ದನಿ ಎಷ್ಟಿದೆ ಅಂತ ಅವನಿಗೆ ಗೊತ್ತಾಗುವುದಿಲ್ಲ. ಕಬ್ಬು ಕಡಿಯುತ್ತಿದ್ದವರೆಲ್ಲ ಕುಡುಗೋಲು ನಿಲ್ಲಿಸಿ ನೋಡಿದರು.

"ಲೇ ಜವ್ರಾ! ನೀನಲ್ವಂತೆ ಕಣ್ಲಾ! ಒಂದ್ ಮಾತು ಯೋಳ್ಬಾರ್ದಿತ್ತೇನ್ಲಾ ನಂಗೆ!"

ಹೇಳಿದ್ದರೆ ಅಪ್ಪನಿಗೆ ಅವನ ಜವರ ಉಳಿಯುತ್ತಿದ್ದ. ಅಪ್ಪನಿಗೆ ಮಗಳನ್ನು ಉಳಿಸಿಕೊಡಲು ಹೋಗಿ ಮಾಮ ಬಾಯಿ ಮುಚ್ಚಿಕೊಂಡು ಸತ್ತ. ಅಪ್ಪ ಇನ್ನೊಂದು ಸಲ ಕೂಗಿ, ಉತ್ತರಕ್ಕೆ ಕಾಯುವವನ ಹಾಗೆ ಆ ಕಲ್ಲನ್ನೇ ನೋಡುತ್ತಾ ನಿಂತ. ನಾನು ಬದುವಿನ ಮೇಲೇ ನಿಂತಿದ್ದೆ, ಹತ್ತಿರ ಹೋಗಲು ನನಗೆ ಮುಖವಿರಲಿಲ್ಲ.