ಪೂಜೆಗೆ ಕೂತ ಕಂಪ್ಯೂಟರು

"ನನ್ನ ಬೀಗ ದಾಟಿ ಒಂದು ಸೊಳ್ಳೆ ಒಳಗೆ ಬರಲಿ, ಮೀಸೆ ಬೋಳಿಸ್ತೇನೆ" ಎಂಬುದು ಉರ್ವದ ವಿಶ್ವೇಶನ ಮಾತು. ಮೀಸೆಯೇನು ಸಾಮಾನ್ಯದ್ದೇ? ಅದರ ಮೇಲೆ ಒಂದು ಮನೆಯ ಬಟ್ಟೆ ಒಣಗಿಸಬಹುದಿತ್ತು.

ಕೊಡಿಯಾಲ್‌ಬೈಲಿನ ಒಂದು ಗಣಿ ಕಂಪೆನಿಯ ಕಚೇರಿಯಲ್ಲಿ ಅವನು ಕಂಪ್ಯೂಟರುಗಳ ಕಾವಲುಗಾರ. ಘಟ್ಟದ ಮೇಲಿನಿಂದ ಬಂದ ಅದಿರಿನಲ್ಲಿ ಕಬ್ಬಿಣ ಎಷ್ಟೆಂದು ಲ್ಯಾಬಿನ ರೊಸಾಲಿನ್ ಪರೀಕ್ಷಿಸಿ ಕಂಪ್ಯೂಟರಿಗೆ ಹಾಕುತ್ತಾರೆ. ಆ ಅಂಕಿ ನೋಡಿಯೇ ಬಂದರಿನಲ್ಲಿ ಹಡಗಿಗೆ ತುಂಬುವುದು. ಹಾಕಿದ ಅಂಕಿಯನ್ನು ತಿದ್ದಬೇಕಾದರೆ ಪೆನ್‌ಡ್ರೈವಿನಂಥ ಒಂದು ಕೀಲಿಯನ್ನು ಯಂತ್ರಕ್ಕೆ ಚುಚ್ಚಬೇಕು. ಅದು ಸದಾ ವಿಶ್ವೇಶನ ಜನಿವಾರದಲ್ಲಿ ನೇತಾಡುತ್ತಿತ್ತು.

ಆಯುಧಪೂಜೆ ಬಂತು. ಕೀಲಿಯೂ ಆಯುಧವೇ ಎಂದು ಮ್ಯಾನೇಜರ್ ಮಧ್ವರಾಜರು ಅದನ್ನು ಬಿಚ್ಚಿಸಿ, ಯಂತ್ರಕ್ಕೆ ಚುಚ್ಚಿಸಿ, ಹೊರಗೆ ನಿಂತ ತಮ್ಮ ಕಾರಿಗೆ ಹಾಕಿಸಿದಂತೆಯೇ ಮೇಲೆ ಸೇವಂತಿಗೆ ಹಾರ ಹಾಕಿಸಿದರು. ಕುಂಕುಮ ಎಷ್ಟೆಂದರೆ, ಕೀಬೋರ್ಡಿನ ಅಕ್ಷರ ಹುಡುಕಲು ಗಣಿಯವರನ್ನೇ ಕರೆಸಿ ಅಗೆಸಬೇಕಿತ್ತು. ಆರತಿ ಮುಗಿದದ್ದೇ ವಿಶ್ವೇಶ ಕೀಲಿಗೆ ಕೈ ಚಾಚಿದ.

"ಏ, ಮುಟ್ಬೇಡ ಮಾರಾಯ! ಪೂಜೆಗೆ ಕೂತದ್ದನ್ನು ಇವತ್ತು ಎಬ್ಬಿಸ್ಲಿಕ್ಕಿಲ್ಲ" ಎಂದರು ಮಧ್ವರಾಜರು.

ವಿಶ್ವೇಶನಿಗೂ ಹೌದೆನಿಸಿತು. ತನ್ನ ಹೆಸರಿನಲ್ಲಿ ತೆರೆದಿದ್ದ ಯಂತ್ರ, ಚುಚ್ಚಿದ ಕೀಲಿ, ಓಡುತ್ತಿದ್ದ ಇಂಟರ್ನೆಟ್ಟು ಎಲ್ಲವನ್ನೂ ದೇವಿಗೆ ಒಪ್ಪಿಸಿ, ಪಂಚಕಜ್ಜಾಯ ಕಟ್ಟಿಕೊಂಡು ಮನೆಗೆ ಹೋದ.

ರಜೆ ಮುಗಿಸಿ ಬಂದರೆ ಬಂದರಿನಿಂದ ಬೊಬ್ಬೆ. ಹಡಗಿನವರು ಪರೀಕ್ಷಿಸಿ ನೋಡಿದರೆ, ಕಳಪೆ ಅದಿರಿನ ರಾಶಿಗೆ ಉತ್ತಮ ಅದಿರಿನ ಅಂಕಿ! ಹಡಗು ಖಾಲಿ ನಿಂತಿತು. ಮಧ್ವರಾಜರು ಬಾಯಿ ತೆರೆದ ರೀತಿಗೆ ಆ ಹಡಗಿಗೆ ಅದರೊಳಗೇ ಲಂಗರು ಹಾಕಿಸಬಹುದಿತ್ತು.

"ರೊಸಾಲಿನ್, ಯಾರ ಹತ್ರ ಮಾತಾಡಿಕೊಂಡು ಇದನ್ನು ಹಾಕಿದ್ದು? ನಾಳೆಯಿಂದ ನೀವು ಬರುವುದು ಬೇಡ."

"ದೇವರಾಣೆ ಸರ್, ನಾನು ಹಾಕಿದ್ದು ಇದಲ್ಲ. ಆ ಅದಿರಿನ ಪುಡಿ ಲ್ಯಾಬಿನಲ್ಲಿ ಉಂಟು, ಬೇರೆಯವರಿಂದಲೇ ಇನ್ನೊಮ್ಮೆ ಪರೀಕ್ಷೆ ಮಾಡಿಸಿ."

"ತಡೀರಿ, ನನ್ನ ಯಂತ್ರ ಕಳ್ಳನ ಹೆಸರು ಹಿಡಿದು ಹೇಳ್ತದೆ" ಎಂದು ವಿಶ್ವೇಶ ಎಲ್ಲರೆದುರೇ ಅಂಕಿ ತಿದ್ದಿದವರ ಹೆಸರನ್ನು ಪರದೆಗೆ ತಂದ.

ಬಂದ ಹೆಸರು: ವಿಶ್ವೇಶ.

ಫ್ಯಾನ್ ಕೂಡ ತಿರುಗುವುದನ್ನು ಮರೆಯಿತು. ತಿದ್ದಿದ್ದು ರಜೆಯ ದಿನವೆಂದೂ ಪರದೆಯಲ್ಲಿತ್ತು; ಯಾವನೋ ಇಂಟರ್ನೆಟ್ಟಿನಲ್ಲಿ ತೆವಳಿ ಬಂದು, ತೆರೆದಿದ್ದ ಯಂತ್ರದಲ್ಲಿ ಇವನದೇ ಹೆಸರಿನಿಂದ ಅಂಕಿ ತಿದ್ದಿ ಹೋಗಿದ್ದ! ವಿಶ್ವೇಶನ ಹಣೆಯಿಂದ ಇಳಿದ ಬೆವರಿಗೆ ನೇತ್ರಾವತಿ ನದಿಯೇ ದಾರಿ ಬಿಡಬೇಕಿತ್ತು.

"ರೊಸಾಲಿನ್ ತಪ್ಪಲ್ಲ ಸರ್" ಎಂದ ಕೊನೆಗೆ. "ಕೀಲಿ ಬಿಟ್ಟುಹೋದದ್ದು ನಾನು."

ಪುಡಿಯನ್ನು ಮತ್ತೆ ಪರೀಕ್ಷಿಸಿದಾಗ ರೊಸಾಲಿನ್ ಮೊದಲು ಹಾಕಿದ್ದ ಅಂಕಿಯೇ ಸರಿ ಎಂದಾಯಿತು. ಅವರ ಕೆಲಸ ಉಳಿಯಿತು. ಮಧ್ವರಾಜರ ಸಿಟ್ಟು ಮಾತ್ರ ಸೀಟು ಬದಲಿಸಿ ವಿಶ್ವೇಶನ ಮೇಲೆ ಕೂತಿತು.

"ಎಬ್ಬಿಸಬಾರದು ಅಂತ ನಾನು ಹೇಳಿದ್ರೆ ನಿನ್ನ ಬುದ್ಧಿ ಎಲ್ಲಿ ಹೋಗಿತ್ತು ಮಾರಾಯ?"

"ನಿಮ್ಮ ಕಾರೂ ಅದೇ ಪೂಜೆಗೆ ಕೂತಿತ್ತಲ್ಲ ಸರ್" ಎಂದ ವಿಶ್ವೇಶ. "ಅದನ್ನು ಅವತ್ತೇ ಎಬ್ಬಿಸಿ ಮನೆಗೆ ಕೊಂಡುಹೋದ್ರಿ. ಮನೆ ಮುಟ್ಟಿದ ಮೇಲೆ ಕೀಲಿ ಅದರಲ್ಲೇ ಬಿಟ್ರಾ?"