ಹುಣಸೆಹಣ್ಣಿನಲ್ಲಿ ತೊಳೆದ ರಿವಾಲ್ವರ್‌ಗಳು

ನನ್ನ ಅಣ್ಣ ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಒಬ್ಬನೇ ಇರುತ್ತಾನೆ. ಹಳೆಯ ರಿವಾಲ್ವರ್ ಕೂಡಿಸುವುದು ಅವನ ಹುಚ್ಚು. ಎಲ್ಲಕ್ಕೂ ಪರವಾನಗಿ ಇತ್ತು, ಗುಂಡು ಹಾರದಂತೆ ಮಾಡಿಸಿದ್ದ. ಮದುವೆ ಯಾಕೆ ಆಗಲಿಲ್ಲವೆಂದು ಯಾರಾದರೂ ಕೇಳಿದರೆ, "ಇವಕ್ಕ ಎಣ್ಣಿ ಹಚ್ಚೂದ್ರಾಗ ಪುರಸೊತ್ತು ಸಿಗಲಿಲ್ರೀ" ಎನ್ನುತ್ತಿದ್ದ.

ಹೋದ ದಸರೆಯ ಹೊತ್ತಿಗೆ ಕಾಲು ಮುರಿದು ಆಸ್ಪತ್ರೆಯಲ್ಲಿದ್ದ. ಅವನ ಮನೆ ನೋಡಿಕೊಳ್ಳಲು ಖಾನಾಪುರದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬೀಗದ ಕೈ ಕೊಡುವಾಗಲೇ, "ಕಪಾಟಿಗೆ ಮಾತ್ರ ಕೈ ಹಚ್ಚಬ್ಯಾಡ ತಂಗಿ" ಎಂದಿದ್ದ. ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಮನಸ್ಸು ತಡೆಯಲಿಲ್ಲ. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವಳು ನಾನು. ನನಗೆ ಗೊತ್ತಿದ್ದದ್ದು ಕುಡಗೋಲು, ಈಳಿಗೆ ತೊಳೆದು ಪೂಜಿಸುವುದಷ್ಟೇ. ಇಷ್ಟೊಂದು ಆಯುಧ ಪೂಜೆಯಿಲ್ಲದೆ ಬಿದ್ದರೆ ಅಣ್ಣನ ಕಾಲು ಹೇಗೆ ಕೂಡೀತು ಎನಿಸಿತು. ಒಂದೊಂದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದೆ. ವಿಭೂತಿ, ಕುಂಕುಮ ಹಚ್ಚಿ ಚೆಂಡುಹೂ ಏರಿಸಿದೆ. ಮರುದಿನ ಒರೆಸಿ ಒಳಗಿಟ್ಟು ಬೀಗ ಹಾಕಿದೆ.

ಅಣ್ಣ ಕೋಲೂರಿಕೊಂಡು ಮನೆಗೆ ಬಂದವನೇ ಕಪಾಟು ತೆರೆದ. ಎಲ್ಲಕ್ಕೂ ತುಕ್ಕು. ಬೈಯುತ್ತಾನೆ ಎಂದುಕೊಂಡು ಹಿಂದೆಯೇ ನಿಂತಿದ್ದೆ. ಅವನು ಮಂಚದ ಮೇಲೆ ಕುಳಿತು, "ಎಣ್ಣಿ ಹಚ್ಚೇನಿ ಅಂತನ ತಿಳಕೊಂಡಿದ್ದೆ. ಅಪ್ಪನಂಗ ನನಗೂ ಮರವು ಸುರು ಆತು ನೋಡವಾ" ಎಂದ. ಕೊನೆಗಾಲದಲ್ಲಿ ಅಪ್ಪನಿಗೆ ನಮ್ಮ ಗುರುತೂ ಸಿಗುತ್ತಿರಲಿಲ್ಲ. ತೊಳೆದವಳು ನಾನೆಂದು ಆಗಲೇ ಹೇಳಬೇಕಿತ್ತು. ಚಹಾ ಇಡುತ್ತೇನೆಂದು ಒಳಗೆ ಹೋದೆ.

ಆಮೇಲೆ ಅವನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೇಲಿಂದ ಮೇಲೆ ಎದ್ದು ನೋಡತೊಡಗಿದ. ಸ್ಕೂಟರ್ ಮಾರಿದ. "ಮರವಿನ ಮನಷ್ಯಾನ ಮನ್ಯಾಗ ಇವು ಇರಬಾರದು" ಎಂದು ರಿವಾಲ್ವರ್‌ಗಳನ್ನೂ ಅದೇ ಹುಚ್ಚಿನ ಇನ್ನೊಬ್ಬರಿಗೆ, ಕಾಗದಪತ್ರ ಮಾಡಿಸಿ, ಕೊಟ್ಟುಬಿಟ್ಟ. ಆ ದಿನವೂ ನಾನು ಬಾಯಿ ಬಿಡಲಿಲ್ಲ. ಪ್ರತಿ ಸಲ ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ, ಬೆಳಗಾವಿಗೆ ಮೊದಲು ಸಿಗುವ ಪೀರನವಾಡಿ ದಾಟುವಷ್ಟರಲ್ಲಿ ಧೈರ್ಯ ಸೋರಿಹೋಗುತ್ತಿತ್ತು. ಸಾಕಾಗಿಹೋಯಿತು.

ಕಳೆದ ವಾರ ಎಲ್ಲವನ್ನೂ ಹೇಳಿದೆ. ಅವನು ನಕ್ಕ.

"ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ ತಂಗಿ. ಹುಣಸಿಹಣ್ಣು ಹಚ್ಚಾಕ ಅವೇನು ತಂಬಿಗಿ?"

"ಖರೇನ ಅಣ್ಣಾ. ನಾನ ತೊಳದೇನಿ."

"ಅಷ್ಟು ಹುಚ್ಚಿ ಏನ ನೀ? ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ?"

ವಿಭೂತಿ ಮುಟ್ಟಿ ಆಣೆ ಮಾಡಿದೆ. ತೋರಿಸೋಣವೆಂದರೆ ಕಪಾಟು ಬರಿದಾಗಿತ್ತು. ಅಣ್ಣ ಮರೆವಿನ ಗುಳಿಗೆ ನುಂಗಿ ನೀರು ಕುಡಿದ. "ಏಳು, ಖಾನಾಪುರದ ಬಸ್ಸು ತಪ್ಪೀತು" ಎಂದು ನನ್ನನ್ನು ಬಾಗಿಲಿನವರೆಗೆ ಬಂದು ಕಳಿಸಿಕೊಟ್ಟ.