ಬಲಕ್ಕೆ ಬಿದ್ದ ಹೂವು

ದೇವರಲ್ಲಿ ಹೂ ಕೇಳುವವರನ್ನು ಕಂಡರೆ ನಾನು ನಗುತ್ತಿದ್ದೆ. ಒದ್ದೆ ಹೂವನ್ನು ದೇವರ ತಲೆಯ ಮೇಲಿಟ್ಟರೆ ಎಡಕ್ಕೋ ಬಲಕ್ಕೋ ಜಾರಲೇಬೇಕಲ್ಲ, ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಆಗುವುದಿಲ್ಲ ಅನ್ನುವುದೆಂಥ ಮಾತು ಎಂದು ಅವ್ವನನ್ನು ರೇಗಿಸುತ್ತಿದ್ದೆ. ತಮ್ಮ ಶಿವುವೂ ನನ್ನ ಜೊತೆ ಸೇರಿ ನಗುತ್ತಿದ್ದ.

ಆ ಶಿವು ಹೊಟ್ಟೆಯ ಕ್ಯಾನ್ಸರ್ ಆಗಿ ಮೈಸೂರಿನ ಆಸ್ಪತ್ರೆ ಸೇರಿದ. ಡಾಕ್ಟರು ಕೈಚೆಲ್ಲಿದ್ದರು. ಅವ್ವ ಅವನ ಪಕ್ಕದಲ್ಲೇ ಇದ್ದಳು. ಆವತ್ತು ಬೆಳಿಗ್ಗೆ ನಾನು ಹಾಲು ಕರೆದು, ಡೇರಿಗೆ ಹಾಕಿ, ಅಕ್ಕಿಹೆಬ್ಬಾಳಿನಿಂದ ಬೈಕಿನಲ್ಲಿ ಹೊರಟೆ. ಮೊಬೈಲಿನ ಚಾರ್ಜು ಮುಗಿದದ್ದನ್ನೂ ನೋಡಿಕೊಂಡಿರಲಿಲ್ಲ. ಹಿಂದಿನ ದಿನ ಅವನು ನೋವು ತಡೆಯಲಾರದೆ ಮಂಚದ ಕಂಬಿ ಕಚ್ಚಿದ್ದೇ ಕಣ್ಣ ಮುಂದಿತ್ತು. ಪಾಂಡವಪುರ ದಾಟಿದ ಮೇಲೆ ರಸ್ತೆ ಪಕ್ಕದ ಸಣ್ಣ ಗುಡಿಯೊಂದರ ಮುಂದೆ ಬೈಕು ನಿಲ್ಲಿಸಿಬಿಟ್ಟೆ. ಯಾಕೆ ನಿಲ್ಲಿಸಿದೆನೋ ನನಗೇ ಗೊತ್ತಿಲ್ಲ.

ಪೂಜಾರಿ ನನ್ನೆದುರಿಗೇ ಗಿಡದಿಂದ ಕಣಗಿಲೆ ಕಿತ್ತು, ನೀರಿನಲ್ಲಿ ಅದ್ದಿ, ಅಮ್ಮನವರ ತಲೆಯ ಮೇಲಿಟ್ಟರು. "ಏನ್ ಕೇಳ್ಕತೀರೋ ಮನ್ಸಲ್ಲೇ ಕೇಳ್ಕಳಿ" ಅಂದರು. ಬದುಕಿಸು ಎಂದು ಕೇಳಲು ಧೈರ್ಯ ಬರಲಿಲ್ಲ. ಅವನಿಗೆ ನೋವು ಬೇಡ ತಾಯಿ, ಅಷ್ಟೇ ಸಾಕು ಎಂದು ಕೇಳಿಕೊಂಡೆ. ಹೂ ಬಲಕ್ಕೆ ಬಿತ್ತು. ನಾನು ಅಲ್ಲೇ ಕೂತು ಅತ್ತೆ.

ಆಸ್ಪತ್ರೆಯಲ್ಲಿ ಅವ್ವ ಬಾಗಿಲ ಹೊರಗೆ ಕೂತಿದ್ದಳು.

"ಬೆಳಕರಿಯೋ ಒತ್ಗೇ ಓಗ್ಬುಟ್ಟ ಕಣ್ಲಾ ಮಗ. ಫೋನ್ ಮಾಡುದ್ರೆ ನೀನ್ ಸಿಕ್ನಿಲ್ಲ" ಅಂದಳು. ಆಮೇಲೆ, "ನರಳ್ನಿಲ್ಲ ಕಣ್ಲಾ, ನಗ್ತಿದ್ದ. ‘ಅಣ್ಣ ಹೂ ಕೇಳವ್ನೆ ಕಣವ್ವ, ಬಲಕ್ಕೇ ಬಿತ್ತು, ಈಗ ನೋವೇ ಇಲ್ಲ’ ಅಂದ. ನೀನ್ಯಾವಾಗ್ಲಾ ಕೇಳ್ದೆ?" ಎಂದಳು.

ಅವನು ಹಾಗೆ ಅಂದಾಗ ಆ ಹೂವು ಇನ್ನೂ ಗಿಡದಲ್ಲೇ ಇತ್ತು. ದುಃಖದಲ್ಲಿ ಅವ್ವ ಏನೋ ಹೇಳುತ್ತಿದ್ದಾಳೆ ಅಂದುಕೊಳ್ಳೋಣವೆಂದರೆ, ಪಕ್ಕದ ಮಂಚದವರೂ ಆ ಮಾತು ಕೇಳಿಸಿಕೊಂಡಿದ್ದರು.

ವರ್ಷಗಳು ಕಳೆದಿವೆ. ದೇವರಿಗೆ ನಮ್ಮ ಹಾಗೆ ನಿನ್ನೆ ನಾಳೆಗಳಿಲ್ಲವೇ? ಇಲ್ಲವೆಂದೇ ಇಟ್ಟುಕೊಳ್ಳಿ. ಹಾಗಾದರೆ ಆವತ್ತು ಅವನ ಜೀವ ಉಳಿಸು ಎಂದು ಕೇಳಿದ್ದರೆ ಆ ತಾಯಿ ಅದನ್ನೂ ಕೊಡುತ್ತಿದ್ದಳೇ? ಈಗ ಕೇಳಿದರೂ ಕೊಟ್ಟಾಳೇ? ನಿಮಗೆ ಇದು ಹುಚ್ಚು ಅನ್ನಿಸಬಹುದು. ಆದರೂ ಆ ಗುಡಿಯ ಮುಂದೆ ಬಂದಾಗಲೆಲ್ಲ ಬೈಕು ನಿಧಾನ ಮಾಡುತ್ತೇನೆ. ಹೂ ಎಡಕ್ಕೆ ಬಿದ್ದರೆ ಹೇಗೋ ತಡೆದುಕೊಂಡೇನು. ಬಲಕ್ಕೆ ಬಿದ್ದು, ಮನೆಗೆ ಬಂದು ನೋಡಿದಾಗ ಅವನ ಮಂಚ ಖಾಲಿಯೇ ಇದ್ದರೆ ಏನು ಮಾಡಲಿ? ಇವತ್ತಿನವರೆಗೂ ಕೇಳಿಲ್ಲ.